ಮುಹಿಂದಿ, ಮಹಿಂದಿ ಮತ್ತು ಸುಳಿಯೊಳಗಿನ ಹುಳು

ಸ್ವಾಹಿಲಿಯಲ್ಲಿ ಗೋವಿನಜೋಳಕ್ಕೆ ‘ಮಹಿಂದಿ’ ಅಂತಾರೆ. ಇಂಡಿಯಾದವನಿಗೆ ‘ಮುಹಿಂದಿ’. ಪಶ್ಚಿಮ ಕೀನ್ಯಾದ ಕಿಟಾಲೆ ಹತ್ತಿರ ಅರವತ್ತು ಎಕರೆ ಗೋವಿನಜೋಳದ ಜಮೀನು ನೋಡಿಕೊಳ್ಳಲು ನಾನು ಹೋದ ಮೊದಲ ವಾರವೇ ಕೂಲಿ ಹೆಂಗಸರು ‘ಮುಹಿಂದಿ ಅನಾಲಿಂಡಾ ಮಹಿಂದಿ’ ಅಂತ ಹಾಡು ಕಟ್ಟಿಕೊಂಡು ನಗುತ್ತಿದ್ದರು. ಇಂಡಿಯಾದವನು ಜೋಳ ಕಾಯ್ತಾನೆ ಅಂತ ಅರ್ಥ. ನಾನು ಹಾವೇರಿ ಜಿಲ್ಲೆಯವನು, ಗೋವಿನಜೋಳದ ಸಾಲಿನೊಳಗೇ ಆಡಿ ಬೆಳೆದವನು. ಕಾಯೋದೇನು ಮಹಾ ಅಂದುಕೊಂಡಿದ್ದೆ. 2017ರ ಮೇ ತಿಂಗಳವರೆಗೆ ಹಾಗೇ ಅಂದುಕೊಂಡಿದ್ದೆ.

ಬೆಳೆ ಮೊಣಕಾಲೆತ್ತರ ಬಂದಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿ ಹೆಂಗಸು ನನ್ನನ್ನು ಕೂಗಿ ಕರೆದಳು. ಅವಳನ್ನು ಎಲ್ಲರೂ ‘ಮಾಮಾ’, ಅಂದರೆ ಅಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹೊಸದಾಗಿ ಬಿಚ್ಚಿಕೊಂಡ ಎಲೆಯಲ್ಲಿ ಅಡ್ಡಕ್ಕೆ ಸಾಲಾಗಿ ತೂತುಗಳು. ಸುಳಿಯ ತುಂಬ ಒದ್ದೆಯಾದ ಗರಗಸದ ಹೊಟ್ಟಿನಂಥ ಲದ್ದಿ. ಕಾಂಡಕೊರಕ ಅಂದೆ. ಅವಳು ಮಾತಾಡದೆ ಸುಳಿ ಸೀಳಿ, ಒಳಗಿನ ಹುಳ ತೆಗೆದು ಅಂಗೈ ಮೇಲಿಟ್ಟು ನನ್ನ ಮೂಗಿನ ಹತ್ತಿರ ಹಿಡಿದಳು. ತಲೆಯ ಮೇಲೆ ತಿರುಗಿಸಿ ಬರೆದ ಇಂಗ್ಲಿಷಿನ ‘ವೈ’. ಬಾಲದ ಹತ್ತಿರ, ರಂಗೋಲಿಗೆ ಇಟ್ಟಂತೆ, ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ‘ವಿವಾವಿಜೇಶಿ’ ಅಂದಳು. ಸೈನಿಕ ಹುಳು. ಅದರಲ್ಲೂ ಹೊಸದು, ಅಮೆರಿಕ ಖಂಡದ ಫಾಲ್ ಸೈನಿಕ ಹುಳು.

2016ರ ಆರಂಭದಲ್ಲಿ ನೈಜೀರಿಯಾ, ಬೆನಿನ್, ಟೋಗೋ ಕಡೆ ಮೊದಲು ಕಂಡ ಈ ಹುಳ ಎರಡು ವರ್ಷದಲ್ಲಿ ಸಹಾರಾದ ಕೆಳಗಿನ ನಲವತ್ತಕ್ಕೂ ಹೆಚ್ಚು ದೇಶ ಹೊಕ್ಕಿತು. ಪತಂಗ ಗಾಳಿ ಹಿಡಿದರೆ ಒಂದೇ ರಾತ್ರಿ 100 ಕಿಲೋಮೀಟರ್ ಹಾರಬಲ್ಲದು. ಗಡಿಯ ಚೆಕ್‌ಪೋಸ್ಟ್ ಅದಕ್ಕೆ ಯಾವ ಲೆಕ್ಕ?

ಆಮೇಲೆ ನಾನು ಮಾಡಿದ್ದು ನಮ್ಮೂರಲ್ಲಿ ಯಾರಾದರೂ ಮಾಡುವುದನ್ನೇ: ಎಣ್ಣೆ, ಅಂದರೆ ಕೀಟನಾಶಕ, ಹೊಡೆಸಿದೆ. ಪೇಟೆಯ ಅಂಗಡಿಯವನು ಕೊಟ್ಟ ಬಾಟಲಿ, ಬೆನ್ನಿಗೆ 20 ಲೀಟರಿನ ಪಂಪು ಹೊತ್ತ ಮೂವರು ಹುಡುಗರು, ಬೆಳಿಗ್ಗೆ ಹತ್ತೂವರೆ ಬಿಸಿಲು. ನಾಲ್ಕು ದಿನ ಬಿಟ್ಟು ನೋಡಿದರೆ ಸಣ್ಣವು ಸತ್ತಿದ್ದವು, ದೊಡ್ಡವು ಹಾಗೇ ಮೇಯುತ್ತಿದ್ದವು. ಬೇರೆ ಬಾಟಲಿ ತಂದೆ, ಪ್ರಮಾಣ ಹೆಚ್ಚಿಸಿದೆ. ಒಬ್ಬ ಹುಡುಗ ತಲೆ ಸುತ್ತಿ ಬದುವಿನ ಮೇಲೆ ಕೂತುಬಿಟ್ಟ, ವಾಂತಿ ಮಾಡಿಕೊಂಡ. ಮುಖಕ್ಕೆ ಬಟ್ಟೆಯೂ ಇರಲಿಲ್ಲ. ಅದು ನನ್ನದೇ ತಪ್ಪು, ಯಾರ ಮೇಲೂ ಹಾಕುವಂತಿಲ್ಲ. ಸಂಜೆ ಅವನ ಮನೆಗೆ ಹೋದಾಗ ಅವನ ಅಜ್ಜಿ ನನಗೇ ಚಹಾ ಕೊಟ್ಟಳು. ಅದು ಗಂಟಲಲ್ಲಿ ಇಳಿಯಲಿಲ್ಲ.

ಎಣ್ಣೆ ಏಕೆ ಕೆಲಸ ಮಾಡಲಿಲ್ಲ ಅನ್ನುವುದು ಒಂದೊಂದೇ ಸುಳಿ ಬಿಚ್ಚಿ ನೋಡಿದಾಗ ತಿಳಿಯಿತು. ಬಲಿತ ಹುಳ ಸುಳಿಯ ತಳದಲ್ಲಿ ಕೂತಿರುತ್ತದೆ, ಅದರ ಲದ್ದಿಯೇ ಮೇಲೆ ಬಿರಡೆಯಂತೆ ಕೂತಿರುತ್ತದೆ. ನಾವು ಹೊಡೆದ ನೀರು ಆ ಬಿರಡೆಯನ್ನು ತೋಯಿಸಿ ಎಲೆ ಮೇಲೆ ಜಾರಿ ಹೋಗುತ್ತಿತ್ತು. ಹುಳಕ್ಕೆ ಆರು ಹಂತ. ತಿನ್ನುವುದರ ಬಹುಪಾಲನ್ನು ಕೊನೆಯ ಎರಡೇ ಹಂತದಲ್ಲಿ ತಿನ್ನುತ್ತದೆ. ಅಂದರೆ ದೂರದಿಂದ ಕಣ್ಣಿಗೆ ರಾಚುವಷ್ಟು ಹಾನಿ ಕಂಡ ದಿನ, ಔಷಧಿಗೆ ಬಗ್ಗುವ ವಯಸ್ಸನ್ನು ಹುಳ ದಾಟಿರುತ್ತದೆ.

ಹಾಗಾಗಿ ಔಷಧಿ ಬದಲಿಸುವ ಮೊದಲು ನೋಡುವ ರೀತಿ ಬದಲಿಸಿದೆ. ಮೊಳಕೆ ಬಂದ ಎರಡನೇ ವಾರದಿಂದ, ವಾರಕ್ಕೆ ಎರಡು ಸಲ, ಇಬ್ಬನಿ ಆರುವ ಮುಂಚೆ ಹೊಲಕ್ಕಿಳಿಯುವುದು. ಇಂಗ್ಲಿಷಿನ ‘ಡಬ್ಲ್ಯೂ’ ಬರೆದಂತೆ ಹೊಲದಲ್ಲಿ ಓರೆಯಾಗಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡ ನೋಡುವುದು. ಒಟ್ಟು ನೂರು. ಬೆಳೆ ಚಿಕ್ಕದಿದ್ದಾಗ ನೂರಕ್ಕೆ ಇಪ್ಪತ್ತು ಗಿಡದ ಸುಳಿಗೆ ಹುಳ ಹತ್ತಿದ್ದರೆ ಔಷಧಿ. ಎದೆಯೆತ್ತರ ಬಂದ ಮೇಲೆ ನಲವತ್ತರವರೆಗೂ ತಡೆದುಕೊಳ್ಳಬಹುದು. ಸೂಲಂಗಿ ಬಂದ ಮೇಲೆ ಪಂಪು ಮುಟ್ಟುವಂತಿಲ್ಲ; ಹೊಡೆದರೂ ಹುಳಕ್ಕೆ ತಲುಪುವುದಿಲ್ಲ, ಹೊಡೆಯುವವನ ಮೈಮೇಲೇ ಬೀಳುತ್ತದೆ.

ಈ ಎಣಿಕೆಯಲ್ಲಿ ಹೊಸಬರೆಲ್ಲ ಒಂದು ಕಡೆ ಮುಗ್ಗರಿಸುತ್ತಾರೆ, ನಾನೂ ಮುಗ್ಗರಿಸಿದೆ. ಹರಿದು ಚಿಂದಿಯಾದ ಎಲೆಯನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಆ ಎಲೆ ಹೋದ ವಾರದ ಗಾಯ. ಹುಳ ಅಷ್ಟರಲ್ಲಿ ಮಣ್ಣಿಗಿಳಿದು ಕೋಶವಾಗಿರಬಹುದು, ಇಲ್ಲವೇ ಕಣಜ ಕುಟುಕಿ ಸತ್ತಿರಬಹುದು. ನೋಡಬೇಕಾದದ್ದು ಸುಳಿಯಿಂದ ಈಗ ತಾನೇ ಹೊರಬಂದ ಎಲೆಯನ್ನು, ಇನ್ನೂ ಒದ್ದೆಯಿರುವ ಲದ್ದಿಯನ್ನು. ಅದಕ್ಕೂ ಮುಂಚಿನ ಗುರುತು ಅಂದರೆ ಎಲೆಯ ಮೇಲೆ ಉಗುರಿನಷ್ಟಗಲದ ಬಿಳಿ ಕಲೆ. ಮರಿಗಳು ಹಸಿರನ್ನಷ್ಟೇ ಕೆರೆದು ತಿಂದು ಈರುಳ್ಳಿಯ ಪೊರೆಯಂಥ ಸಿಪ್ಪೆ ಬಿಟ್ಟಿರುತ್ತವೆ. ಅದಕ್ಕೂ ಮುಂಚೆ ಮೊಟ್ಟೆ: ಎಲೆಗೆ ಅಂಟಿದ, ಬೂದುಬಣ್ಣದ ಅರಳೆ ಮುಚ್ಚಿದಂಥ ಗುಂಪು. ಒಂದು ಗುಂಪಿನಲ್ಲಿ ನೂರರಿಂದ ಇನ್ನೂರು ಮೊಟ್ಟೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸಲ ಉಜ್ಜಿದರೆ ಇನ್ನೂರು ಹುಳದ ಕಥೆ ಮುಗಿಯಿತು. ಇಷ್ಟು ಅಗ್ಗದ ಔಷಧಿ ನಾನು ಬೇರೆ ಕಂಡಿಲ್ಲ. ಹೆಂಗಸರಿಗೆ ಕಳೆ ತೆಗೆಯುವಾಗಲೇ ಇದನ್ನು ನೋಡಿ ಅಂತ ಹೇಳಿ, ಗುಂಪಿಗಿಷ್ಟು ಅಂತ ಶಿಲ್ಲಿಂಗ್ ಕೊಡಲು ಶುರುಮಾಡಿದೆ. ಮೂರನೇ ದಿನಕ್ಕೆ ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು, ಜೇಬು ನನ್ನದು ಹಗುರಾಗಿತ್ತು.

ಔಷಧಿ ಹೊಡೆಯಲೇಬೇಕಾದಾಗ ಯಾವ ಹೊತ್ತು? ಸಂಜೆ ಹೊಡೆಯಿರಿ, ಹುಳ ಮೇಲೆ ಬಂದಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ. ಆದರೆ ಮಳೆಗಾಲದ ಕಿಟಾಲೆಯಲ್ಲಿ ಮಳೆ ಬರುವುದೇ ಮಧ್ಯಾಹ್ನದ ಮೇಲೆ, ಎಲ್ಗಾನ್ ಬೆಟ್ಟದ ಕಡೆಯಿಂದ ಕಪ್ಪಾಗಿ ಏರಿಕೊಂಡು. ಎರಡು ಸಂಜೆಯ ಔಷಧಿ ತೊಳೆದು ಹೋದ ಮೇಲೆ ಬೆಳಗಿನ ಆರರಿಂದ ಎಂಟರೊಳಗೆ ಹೊಡೆಸುವುದಕ್ಕೆ ಬದಲಾಯಿಸಿದೆವು. ನಾಜಲ್ಲನ್ನು ಸುಳಿಯ ಬಾಯಿಗೇ ಹಿಡಿಯಬೇಕು. ಎಮಾಮೆಕ್ಟಿನ್ ಒಂದು ಸಲ, ಮುಂದಿನ ಸಲ ಕ್ಲೋರಾಂಟ್ರಾನಿಲಿಪ್ರೋಲ್. ಒಂದನ್ನೇ ಪದೇಪದೇ ಹೊಡೆದರೆ ಹುಳ ಪಳಗಿಬಿಡುತ್ತದೆ. ಮುಖಗವಸು, ಕೈಗವಸು ಇಲ್ಲದವನ ಬೆನ್ನಿಗೆ ಪಂಪು ಏರುತ್ತಿರಲಿಲ್ಲ.

ಮಾಮಾಳ ಸ್ವಂತ ಅರ್ಧ ಎಕರೆಗೆ ಇದ್ಯಾವುದೂ ಬೇಕಾಗಲಿಲ್ಲ. ಒಲೆಯ ಬೂದಿ, ನುಣ್ಣನೆಯ ಮಣ್ಣು ಬೆರೆಸಿ ಮಡಿಲಲ್ಲಿ ಕಟ್ಟಿಕೊಂಡು, ಹುಳ ಬಿದ್ದ ಸುಳಿಗೆಲ್ಲ ಒಂದೊಂದು ಚಿಟಿಕೆ ಹಾಕುತ್ತ ಹೋಗುತ್ತಿದ್ದಳು. ನಮ್ಮ ಅಮ್ಮ ಬದನೆ ಗಿಡಕ್ಕೆ ಬೂದಿ ಎರಚುತ್ತಿದ್ದದ್ದು ನೆನಪಾಯಿತು. ಮಣ್ಣಿನ ಕಣ ಮರಿಹುಳದ ಮೈ ತರಚುತ್ತದೆ, ಮೈಯ ತೇವ ಹೀರುತ್ತದೆ. ಅದೇ ಕೆಲಸ ಅರವತ್ತು ಎಕರೆಗೆ ಆಗದು. ಎಕರೆಗೆ ಇಪ್ಪತ್ತು ಸಾವಿರದ ಮೇಲೆ ಗಿಡಗಳು, ಚಿಟಿಕೆ ಎಷ್ಟು ಹಾಕ್ತೀರಿ? ನಾವು ಐದು ಎಕರೆಯಲ್ಲಿ ಮಾಡಿ ಕೈಬಿಟ್ಟೆವು. ಸಣ್ಣ ಹಿಡುವಳಿಗೆ ಮಾತ್ರ ನಾನು ಇವತ್ತೂ ಅದನ್ನೇ ಹೇಳುತ್ತೇನೆ.

ಆ ಹಂಗಾಮಿನಲ್ಲಿ ಯಜಮಾನರಿಗೆ ಹೇಳದೆ ಒಂದು ಕೆಲಸ ಮಾಡಿದ್ದೆ: ಅಂಚಿನ ಒಂದು ಪಟ್ಟಿಗೆ ಏನೂ ಹೊಡೆಸದೆ ಬಿಟ್ಟಿದ್ದೆ. ಜೂನಿನಲ್ಲಿ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು, ದನ ನುಗ್ಗಿ ಮೇಯ್ದಂತಿತ್ತು. ಕೊಯ್ಲಿನಲ್ಲಿ ತೂಗಿದಾಗ ಕಡಿಮೆಯಾಗಿದ್ದದ್ದು ಎಕರೆಗೆ ಎರಡೂವರೆ ಚೀಲ. ಅಲ್ಲಿನ ಚೀಲ 90 ಕಿಲೋದ್ದು. ನಷ್ಟವೇ, ಆದರೆ ಕಣ್ಣಿಗೆ ಕಂಡಷ್ಟಲ್ಲ. ಎಳೆ ಜೋಳ ಎಲೆ ಕಳೆದುಕೊಂಡರೂ ಮತ್ತೆ ಚಿಗುರಿಕೊಳ್ಳುತ್ತದೆ. 2017ರಲ್ಲಿ ಘಾನಾ, ಜಾಂಬಿಯಾದ ರೈತರನ್ನು ಕೇಳಿದಾಗ ನೂರಕ್ಕೆ 40ರಿಂದ 45ರಷ್ಟು ಬೆಳೆ ಹೋಯಿತು ಅಂದಿದ್ದರು. ಆಮೇಲೆ ಜಿಂಬಾಬ್ವೆಯಲ್ಲಿ ಹೊಲಕ್ಕಿಳಿದು ಅಳೆದವರಿಗೆ ಸಿಕ್ಕ ನಷ್ಟ 12ರೊಳಗೆ. ರೈತರು ಸುಳ್ಳು ಹೇಳಿದ್ದಲ್ಲ. ಚಿಂದಿಯಾದ ಎಲೆ ನೋಡಿದವನ ಲೆಕ್ಕವೇ ಹಾಗೆ, ನನ್ನದೂ ಹಾಗೇ ಇತ್ತು. ಇದಕ್ಕಿಂತ ನಮ್ಮ ಯಜಮಾನರು ಹೆದರುತ್ತಿದ್ದದ್ದು 2011ರಲ್ಲಿ ಕೀನ್ಯಾದ ಬೊಮೆಟ್ ಕಡೆ ಕಾಣಿಸಿಕೊಂಡ ಜೋಳದ ವೈರಸ್ ರೋಗಕ್ಕೆ. ಎರಡು ವೈರಸ್ ಜೊತೆಗೂಡಿದರೆ ಗಿಡ ನಿಂತಲ್ಲೇ ಒಣಗುತ್ತದೆ, ಹೊಡೆಯಲು ಔಷಧಿಯೇ ಇಲ್ಲ. ಅದಕ್ಕಾಗಿ ಸರದಿಯಲ್ಲಿ ಒಂದಷ್ಟು ಜಮೀನಿಗೆ ಬೀನ್ಸ್, ಆಲೂಗಡ್ಡೆ ಹಾಕಿಸುತ್ತಿದ್ದರು.

2018ರಲ್ಲಿ ಎರಡು ಎಕರೆಗೆ ‘ಪುಶ್-ಪುಲ್’ ಮಾಡಿ ನೋಡಿದೆ. ವಿಕ್ಟೋರಿಯಾ ಸರೋವರದ ದಂಡೆಯ ಎಂಬಿಟಾದಲ್ಲಿ ಇಸಿಪೆ ಅನ್ನುವ ಕೀಟ ಸಂಶೋಧನಾ ಸಂಸ್ಥೆಯವರು ಕಾಂಡಕೊರಕಕ್ಕೆ ಅಂತ ರೂಪಿಸಿದ ಪದ್ಧತಿ. ಅದನ್ನು ಮುನ್ನಡೆಸಿದ ಜಿಯಾವುರ್ ಖಾನ್ ಇಂಡಿಯಾ ಮೂಲದವರೇ. ಸಾಲಿನ ನಡುವೆ ಡೆಸ್ಮೋಡಿಯಂ ಬಳ್ಳಿ, ಸುತ್ತ ಬ್ರಾಕಿಯೇರಿಯಾ ಹುಲ್ಲು. ಬಳ್ಳಿಯ ವಾಸನೆ ಪತಂಗವನ್ನು ಓಡಿಸುತ್ತದೆ, ಸುತ್ತಲ ಹುಲ್ಲು ಸೆಳೆಯುತ್ತದೆ. ಈ ಹೊಸ ಹುಳವೂ ಅಂಥ ಹೊಲಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಕಡಿಮೆಯಾಗಿದ್ದನ್ನು ಅವರು ಅದೇ ವರ್ಷ ಪ್ರಕಟಿಸಿದ್ದರು. ನನ್ನ ಬಳ್ಳಿಯ ಗತಿ ಏನಾಯಿತು? ಬೀಜ ಸಾಸಿವೆಗಿಂತ ಸಣ್ಣದು, ದುಬಾರಿ, ಮೊಳೆಯುವುದು ನಿಧಾನ. ಮೊಳೆತದ್ದನ್ನು ಕೂಲಿಯವರು ಕಳೆ ಅಂತ ತಿಳಿದು ಜೆಂಬೆ ಅನ್ನುವ ಗುದ್ದಲಿಯಲ್ಲಿ ಕೆತ್ತಿ ಗುಡ್ಡೆ ಹಾಕಿದರು. ಹೇಳದಿದ್ದದ್ದು ನಾನು. ಉಳಿದ ಮುಕ್ಕಾಲು ಎಕರೆಯಲ್ಲಿ ಎರಡನೇ ವರ್ಷ ನೆಲ ಕಾಣದಂತೆ ಹಬ್ಬಿತು, ಹುಳ ನಿಜಕ್ಕೂ ಕಡಿಮೆಯಿತ್ತು. ಆದರೆ ವರ್ಷವರ್ಷ ನಿಲ್ಲುವ ಬಳ್ಳಿಯ ಮೇಲೆ ಟ್ರ್ಯಾಕ್ಟರ್ ಹೊಡೆಯಲಾಗದು. ಎರಡು ಹಸು ಇರುವ ಮನೆಗೆ ಅದು ಹೇಳಿಮಾಡಿಸಿದ್ದು, ಹುಳಕ್ಕೆ ತಡೆ, ಹಸುವಿಗೆ ಮೇವು. ಅರವತ್ತು ಎಕರೆಯ ಮ್ಯಾನೇಜರನಿಗಲ್ಲ.

ಅದೇ 2018ರ ಮೇ ತಿಂಗಳಲ್ಲಿ ಹುಳ ಶಿವಮೊಗ್ಗದಲ್ಲಿ ಸಿಕ್ಕಿತು, ಇಂಡಿಯಾದಲ್ಲೇ ಮೊದಲು. ಆಗಸ್ಟಿನಲ್ಲಿ ನನ್ನ ತಮ್ಮ ಊರಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಹಾಕಿ ಫೋನ್ ಮಾಡಿದ. ‘ಅಣ್ಣಾ, ಇದ್ಯಾವ ಹುಳಾನೋ ಗೊತ್ತಾಗವಲ್ದು, ಎರಡ ಸಲ ಎಣ್ಣಿ ಹೊಡದ್ವಿ, ಸಾಯವಲ್ದು.’ ಫೋಟೊ ದೊಡ್ಡದು ಮಾಡುವ ಅಗತ್ಯವೇ ಇರಲಿಲ್ಲ, ಸುಳಿಯ ಲದ್ದಿ ನೋಡಿದರೇ ಸಾಕಿತ್ತು. ಎಷ್ಟು ಹೊತ್ತಿಗೆ ಹೊಡೆದಿರಿ ಅಂತ ಕೇಳಿದೆ. ‘ಉಂಡು ಹ್ವಾದ್ವಿ, ಹನ್ನೊಂದಾಗಿತ್ತು’ ಅಂದ.

ನಾನು ಅವನಿಗೆ ಮೊಟ್ಟೆ ಹುಡುಕುವುದು ಹೇಳಿಕೊಟ್ಟೆ, ಅವನು ನನಗೆ ಹುಳಕ್ಕೆ ಇಡುವ ವಿಷ ಪಾಷಾಣದ ಲೆಕ್ಕ ಕಳಿಸಿದ: ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ನೀರು ಬೆರೆಸಿ ಒಂದು ದಿನ ಹುಳಿಸಿ, ಹಾಕುವ ಅರ್ಧ ತಾಸು ಮುಂಚೆ ಔಷಧಿ ಸೇರಿಸಿ, ಸಂಜೆ ಸುಳಿಗೆ ಉದುರಿಸುವುದು. ಬಲಿತ ಹುಳಕ್ಕೆ ಪಂಪಿಗಿಂತ ಅದೇ ಮೇಲು. ಕಿಟಾಲೆಯಲ್ಲಿ ಅಕ್ಕಿ ತೌಡಿನ ಬದಲು ಜೋಳದ ತೌಡು ತಂದೆ. ಬೆಲ್ಲ ಅಲ್ಲೂ ಸಿಗುತ್ತದೆ, ‘ಸುಕಾರಿ ನ್ಗುರು’ ಅಂತಾರೆ. ಊರಿನವರು ಅದರಿಂದ ಕಳ್ಳಭಟ್ಟಿ ಇಳಿಸುತ್ತಾರೆ. ಡ್ರಮ್ಮಿನಲ್ಲಿ ಹುಳಿ ವಾಸನೆ ಬರುವುದನ್ನು ಮೂಸಿ ಮಾಮಾ ಬಿದ್ದುಬಿದ್ದು ನಕ್ಕಳು. ಮನುಷ್ಯರಿಗೇ ಸಾಲದು, ಹುಳಕ್ಕೆ ಕುಡಿಸ್ತೀಯಾ ಅಂದಳು. ಅದಕ್ಕೆ ಔಷಧಿ ಸೇರಿಸಿ ಸುಳಿಗೆ ಹಾಕಬೇಕು ಅಂತ ವಿವರಿಸಿದಾಗ ನಗು ನಿಂತಿತು. ‘ನನ್ನ ಕೋಳಿಗಳು?’ ಅಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಮನೆಗಳ ಕಡೆಯ ಹದಿನೈದು ಎಕರೆ ಬಿಟ್ಟು, ದೂರದ ತುಂಡಿಗೆ ಮಾತ್ರ ಹಾಕಿಸಿದೆ. ಮನೆಗಳ ಕಡೆಯದಕ್ಕೆ ಆ ವರ್ಷವೂ ಹೆಂಗಸರ ಬೆರಳೇ ಆಯಿತು.