ಮೂರು ತಿಂಗಳ ಲೆಕ್ಕಕ್ಕೂ ವರ್ಷದ್ದೇ ಅಳತೆ: ದಾವಣಗೆರೆಯ ನೂಲಿನ ಮಿಲ್ಲೊಂದರಲ್ಲಿ ನನ್ನ ಅನುಭವ

ನಾನು ಲೆಕ್ಕಪತ್ರ ವಿಭಾಗ ನೋಡಿಕೊಳ್ಳುವ ನೂಲಿನ ಮಿಲ್ಲು ದಾವಣಗೆರೆಯಿಂದ ಹರಿಹರದ ಕಡೆಗೆ ಹೋಗುವ ದಾರಿಯಲ್ಲಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಾದ್ದರಿಂದ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಾವಳಿಯ 33ನೇ ನಿಯಮದಂತೆ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ನಮ್ಮ ಫಲಿತಾಂಶ ಹೊರಬೀಳಬೇಕು. ಮಾರ್ಚ್‌ಗೆ ಮುಗಿಯುವ ವರ್ಷದ ಲೆಕ್ಕಕ್ಕೆ ಮಾತ್ರ 60 ದಿನಗಳ ಅವಕಾಶವಿದೆ. ವರ್ಷದ ನಡುವೆ ಹೊರಬೀಳುವ ಈ ಮಧ್ಯಂತರ ಹಣಕಾಸು ಪಟ್ಟಿಗಳ ಕೆಳಗೆ ‘ಲೆಕ್ಕಪತ್ರ ನೀತಿಗಳು ಹಿಂದಿನ ವಾರ್ಷಿಕ ಲೆಕ್ಕದಲ್ಲಿ ಅನುಸರಿಸಿದಂತೆಯೇ ಇವೆ’ ಎಂಬ ಒಂದು ಸಾಲು ಇರುತ್ತದೆ. ಓದುವವರು ಅದನ್ನು ದಾಟಿ ಹೋಗುತ್ತಾರೆ. ಆ ಸಾಲನ್ನು ನಿಜವಾಗಿಸಲು ನಾವು ಏನೇನು ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಂತರ ಲೆಕ್ಕಗಳಿಗೆ ಅನ್ವಯಿಸುವ ಇಂಡ್ ಎಎಸ್ 34 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡದ ತಿರುಳು ಇಷ್ಟು: ವರ್ಷದ ಕೊನೆಗೆ ಯಾವ ನೀತಿಯಿಂದ ಅಳೆಯುತ್ತೀರೋ ಅದೇ ನೀತಿಯಿಂದ ಮಧ್ಯದಲ್ಲೂ ಅಳೆಯಬೇಕು, ಮತ್ತು ಅಳತೆ ವರ್ಷಾರಂಭದಿಂದ ಆ ದಿನದವರೆಗಿನ ಒಟ್ಟು ಅವಧಿಗೆ ಆಗಬೇಕು. ಹೀಗಾಗಿ ಸೆಪ್ಟೆಂಬರ್ ತ್ರೈಮಾಸಿಕದ ಲಾಭವನ್ನು ನಾವು ಪ್ರತ್ಯೇಕವಾಗಿ ಕಟ್ಟುವುದಿಲ್ಲ; ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಕಟ್ಟಿ, ಅದರಲ್ಲಿ ಜೂನ್‌ವರೆಗಿನದನ್ನು ಕಳೆಯುತ್ತೇವೆ. ಅಂದಾಜುಗಳ ಪಾಲು ವಾರ್ಷಿಕ ಲೆಕ್ಕಕ್ಕಿಂತ ಹೆಚ್ಚಿರಬಹುದು ಎಂದು ಮಾನದಂಡವೇ ಒಪ್ಪುತ್ತದೆ. ಆದರೆ ಅಂದಾಜು ಸಡಿಲವಾದ ಮಾತ್ರಕ್ಕೆ ನೀತಿಯೂ ಸಡಿಲವಾಗಬಾರದು. ನನ್ನ ಕೆಲಸದ ಬಹುಪಾಲು ಶ್ರಮ ಈ ಎರಡನ್ನೂ ಬೇರೆಬೇರೆಯಾಗಿ ಇಡುವುದರಲ್ಲೇ ಹೋಗುತ್ತದೆ.

ನೂಲಿನ ಮಿಲ್ಲಿನ ಲೆಕ್ಕವೆಂದರೆ ಮುಖ್ಯವಾಗಿ ದಾಸ್ತಾನಿನ ಲೆಕ್ಕ. ಹೊಸ ಹತ್ತಿ ಅಕ್ಟೋಬರ್‌ನಿಂದ ಮಾರುಕಟ್ಟೆಗೆ ಬರತೊಡಗುತ್ತದೆ. ಒಳ್ಳೆಯ ಹತ್ತಿ ಸಿಗುವ ಕೆಲವೇ ತಿಂಗಳುಗಳಲ್ಲಿ ಖರೀದಿಸಿ ಗೋದಾಮು ತುಂಬಿಸಿ, ಮುಂದಿನ ಸುಗ್ಗಿಯವರೆಗೆ ಓಡಿಸಬೇಕು. ಜೂನ್ 30ರಂದು ಬೇಲುಗಳನ್ನು ಎಣಿಸುವುದು ಕಷ್ಟವಲ್ಲ, ಪ್ರತಿ ಬೇಲಿಗೂ ಲಾಟ್ ಸಂಖ್ಯೆ ಮತ್ತು ಖರೀದಿಯ ತೂಕದ ಚೀಟಿ ಇರುತ್ತದೆ. ಸುಮಾರು 170 ಕಿಲೋದ ಬೇಲನ್ನು ಆ ದಿನ ಮತ್ತೆ ತೂಗುವುದಿಲ್ಲ, ಏಕೆಂದರೆ ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ಜನವರಿಯ ಒಣ ಹವೆಯಲ್ಲಿ ಕೊಂಡ ಬೇಲು ಮಳೆಗಾಲದಲ್ಲಿ ಹೆಚ್ಚು ತೂಗಿದರೆ ಅದು ಕಂಪನಿಗೆ ಬಂದ ಲಾಭವಲ್ಲ. ತೂಕ ನೋಡಲೇಬೇಕಾದಾಗ ತೇವಾಂಶವನ್ನು 8.5 ಶೇಕಡಾದ ವಾಡಿಕೆಯ ಮಟ್ಟಕ್ಕೆ ಹೊಂದಿಸಿಯೇ ನೋಡುತ್ತೇವೆ.

ಕಷ್ಟವಿರುವುದು ಯಂತ್ರಗಳೊಳಗಿನ ಮಾಲಿನಲ್ಲಿ. ಹತ್ತಿಯನ್ನು ಬಿಡಿಸಿ ಶುಚಿಗೊಳಿಸುವ ಬ್ಲೋ ರೂಮಿನಿಂದ ಕಾರ್ಡಿಂಗ್‌ಗೆ, ಅಲ್ಲಿಂದ ಡ್ರಾ ಫ್ರೇಮು, ಸ್ಪೀಡ್ ಫ್ರೇಮು, ಕೊನೆಗೆ ನೂಲು ತೆಗೆಯುವ ರಿಂಗ್ ಫ್ರೇಮಿನವರೆಗೆ ಹತ್ತಿ ಹರಿಯುತ್ತಲೇ ಇರುತ್ತದೆ. ಮೂರು ಪಾಳಿಯ ಮಿಲ್ಲನ್ನು ಎಣಿಕೆಗಾಗಿ ನಿಲ್ಲಿಸಲಾಗದು. ಮಧ್ಯಂತರ ದಿನಾಂಕದಲ್ಲಿ ಪೂರ್ಣ ಪ್ರಮಾಣದ ಎಣಿಕೆ ಅಗತ್ಯವಿಲ್ಲದಿರಬಹುದು ಎಂದು ಮಾನದಂಡದ ಉದಾಹರಣೆಗಳು ಹೇಳುತ್ತವೆಯಾದರೂ, ನಾವು ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಪ್ರತಿ ವಿಭಾಗದ ತುಂಬಿದ ಕ್ಯಾನುಗಳನ್ನೂ ಬಾಬಿನ್‌ಗಳನ್ನೂ ಎಣಿಸಿ, ಅರ್ಧ ತುಂಬಿದವನ್ನು ಬೇರೆ ಬರೆದು, ಸ್ಪಿನ್ನಿಂಗ್ ಮಾಸ್ಟರ್ ಒಪ್ಪಿದ ಪ್ರಮಾಣಿತ ತೂಕದಿಂದ ಗುಣಿಸುತ್ತೇವೆ. ಇದು ಅಂದಾಜೇ. ಆದರೆ ಮಾರ್ಚ್ 31ರಂದು ಮಾಡುವ ಅಂದಾಜೂ ಇದೇ ಕ್ರಮದ್ದು ಎಂಬುದು ನನಗೆ ಮುಖ್ಯ.

ಈಗ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗುವ ವಿಷಯಕ್ಕೆ ಬರುತ್ತೇನೆ. ನೂಲಿನ ತಯಾರಿಕಾ ವೆಚ್ಚದಲ್ಲಿ ಸ್ಥಿರ ವೆಚ್ಚದ ಪಾಲು ದೊಡ್ಡದು: ಕಾಯಂ ಸಿಬ್ಬಂದಿಯ ಸಂಬಳ, ಸವಕಳಿ, ಮಿಲ್ಲು ಓಡಲಿ ಬಿಡಲಿ ಬೆಸ್ಕಾಂ ಬಿಲ್ಲಿನಲ್ಲಿ ಬರುವ ಡಿಮ್ಯಾಂಡ್ ಶುಲ್ಕ. ದಾಸ್ತಾನಿನ ಮಾನದಂಡವಾದ ಇಂಡ್ ಎಎಸ್ 2ರ ಪ್ರಕಾರ ಇದನ್ನು ಸಾಮಾನ್ಯ ಉತ್ಪಾದನಾ ಸಾಮರ್ಥ್ಯದ ಮೇಲೆ ಹಂಚಬೇಕು. ಯೋಜಿತ ನಿರ್ವಹಣೆಗೆ ಹೋಗುವ ಸಮಯವನ್ನು ಕಳೆದು, ಹಲವು ಅವಧಿಗಳ ಸರಾಸರಿಯಲ್ಲಿ ಸಾಧಿಸಬಹುದಾದ ಉತ್ಪಾದನೆಯೇ ಆ ಸಾಮರ್ಥ್ಯ. ದುಂಡು ಅಂಕಿಗಳಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ತ್ರೈಮಾಸಿಕದ ಸಾಮಾನ್ಯ ಉತ್ಪಾದನೆ 9 ಲಕ್ಷ ಕಿಲೋ, ಸ್ಥಿರ ವೆಚ್ಚ 3.60 ಕೋಟಿ ರೂಪಾಯಿ ಎಂದಿರಲಿ; ಕಿಲೋಗೆ 40 ರೂಪಾಯಿ ಬೀಳುತ್ತದೆ. ಬೇಡಿಕೆ ಕುಸಿದು 6 ಲಕ್ಷ ಕಿಲೋ ಮಾತ್ರ ನೂತೆವು ಎನ್ನಿ. ಆಗಿರುವ ಉತ್ಪಾದನೆಯ ಮೇಲೇ ಹಂಚಿದರೆ ಕಿಲೋಗೆ 60 ರೂಪಾಯಿಯಾಗಿ, ಮಾರಾಟವಾಗದೆ 1 ಲಕ್ಷ ಕಿಲೋ ಉಳಿದಿದ್ದರೆ ಆ ದಾಸ್ತಾನಿನಲ್ಲಿ 20 ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಕುಳಿತುಬಿಡುತ್ತದೆ. ಮಾನದಂಡ ಅದಕ್ಕೆ ಒಪ್ಪುವುದಿಲ್ಲ. ದರ 40 ರೂಪಾಯಿಯಲ್ಲೇ ನಿಲ್ಲಬೇಕು, ಹಂಚಿಕೆಯಾಗದ 1.20 ಕೋಟಿ ಆ ತ್ರೈಮಾಸಿಕದ ಖರ್ಚಾಗಬೇಕು.

ಇಂಥ ಒಂದು ತ್ರೈಮಾಸಿಕದಲ್ಲಿ ನಮ್ಮ ಸಾಹುಕಾರರು ಕರೆಸಿ, ‘ದೀಪಾವಳಿ ಆದಮೇಲೆ ಮಿಲ್ಲು ಪೂರ್ತಿ ಓಡುತ್ತದಲ್ರೀ, ಈ ಖರ್ಚನ್ನು ಅಲ್ಲಿಗೆ ಎಳೆದುಕೊಂಡರೆ ಏನು ತಪ್ಪು?’ ಎಂದು ಕೇಳಿದರು. ಪ್ರಶ್ನೆ ಸಹಜವಾದದ್ದು. ‘ಸಾಹುಕಾರ್ರೇ, ಮಾರ್ಚ್ 31ಕ್ಕೆ ಹೀಗೇ ಆಗಿದ್ದರೆ ಮುಂದಿನ ಏಪ್ರಿಲ್‌ಗೆ ಎಳೆಯಲು ಆಡಿಟರು ಬಿಡುತ್ತಿದ್ದರೇ? ಅಲ್ಲಿ ಆಗದ್ದು ಇಲ್ಲೂ ಆಗುವುದಿಲ್ಲ’ ಎಂದೆ. ವರ್ಷಾಂತ್ಯದೊಳಗೆ ಸರಿಹೋಗುತ್ತದೆ ಎಂಬ ನಿರೀಕ್ಷೆಯಿಂದ ಉತ್ಪಾದನಾ ವ್ಯತ್ಯಾಸಗಳನ್ನು ಮುಂದೂಡುವುದು ಸಲ್ಲದು ಎಂದು ಇಂಡ್ ಎಎಸ್ 34ರ ಅನುಬಂಧದಲ್ಲೇ ಇದೆ. ಆ ಪುಟವನ್ನು ಅವರಿಗೆ ತೋರಿಸಿದೆ. ಅವರು ಒಪ್ಪಿದರು, ಆದರೆ ಬೇಡಿಕೆಯ ಕುಸಿತವನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದರು. ಅದು ನ್ಯಾಯವಾದ ಬೇಡಿಕೆಯೇ ಆಗಿತ್ತು, ಬರೆದೆವು.

ಬೆಲೆ ಇಳಿದಾಗಲೂ ಇದೇ ನ್ಯಾಯ. ನೂಲಿನ ಮಾರಾಟ ಬೆಲೆಯಲ್ಲಿ ಮಾರಾಟದ ಖರ್ಚು ಕಳೆದರೆ ಉಳಿಯುವ ನಿವ್ವಳ ವಸೂಲಿ ಮೌಲ್ಯವು ತಯಾರಿಕಾ ವೆಚ್ಚಕ್ಕಿಂತ ಕೆಳಗಿಳಿದರೆ, ದಾಸ್ತಾನನ್ನು ಆ ಮಟ್ಟಕ್ಕೆ ಇಳಿಸಬೇಕು. ಹತ್ತಿಯ ಪೇಟೆ ಬೆಲೆ ಇಳಿದ ಮಾತ್ರಕ್ಕೆ ಗೋದಾಮಿನ ಹತ್ತಿಯ ಮೌಲ್ಯವನ್ನು ಇಳಿಸಬೇಕಿಲ್ಲ. ಆ ಹತ್ತಿಯಿಂದ ತೆಗೆದ ನೂಲು ವೆಚ್ಚಕ್ಕಾದರೂ ಮಾರಾಟವಾಗುವುದೇ ಎಂದು ಮೊದಲು ನೋಡಬೇಕು. ಆಗುವುದಾದರೆ ಹತ್ತಿ ಕೊಂಡ ದರದಲ್ಲೇ ಉಳಿಯುತ್ತದೆ. ಜೂನ್‌ನಲ್ಲಿ ಇಳಿಸಿದ ಮೌಲ್ಯ ಸೆಪ್ಟೆಂಬರ್‌ನಲ್ಲಿ ಚೇತರಿಸಿಕೊಂಡರೆ ಇಳಿಸಿದಷ್ಟರ ಮಿತಿಯೊಳಗೆ ಹಿಂದಕ್ಕೆ ತರಬೇಕು, ಜೂನ್‌ನ ಪ್ರಕಟಿತ ಫಲಿತಾಂಶವನ್ನು ಮುಟ್ಟಬಾರದು. ಈ ಪರಿಶೀಲನೆಯನ್ನು ನಾವು ನೂಲಿನ ಪ್ರತಿ ಕೌಂಟಿಗೂ (ನೂಲು ಎಷ್ಟು ತೆಳುವೆಂದು ಹೇಳುವ ಸಂಖ್ಯೆ) ಬೇರೆಬೇರೆಯಾಗಿ ಮಾಡುತ್ತೇವೆ, ಏಕೆಂದರೆ 40ರ ಕೌಂಟಿನ ಲಾಭದ ನೆರಳಲ್ಲಿ 20ರ ಕೌಂಟಿನ ನಷ್ಟ ಅಡಗಿಬಿಡುತ್ತದೆ.

ಬೋನಸ್ ಮತ್ತು ದೊಡ್ಡ ದುರಸ್ತಿ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ಕಾರ್ಮಿಕರಿಗೆ ದೀಪಾವಳಿಯ ಹೊತ್ತಿಗೆ ಬೋನಸ್ ಕೊಟ್ಟರೂ ಅದರ ಹೊಣೆ ಅವರು ದುಡಿದಂತೆ ಪ್ರತಿ ತಿಂಗಳೂ ಬೆಳೆಯುತ್ತದೆ. ಕಾನೂನಿನ ಕನಿಷ್ಠ 8.33 ಶೇಕಡಾ ಕೊಡಲೇಬೇಕಾದದ್ದು. ಆದ್ದರಿಂದ ಪ್ರತಿ ತ್ರೈಮಾಸಿಕವೂ ಅದರ ಪಾಲನ್ನು ಹೊರಬೇಕು. ಫೆಬ್ರವರಿಯಲ್ಲಿ ಮಾಡಬೇಕೆಂದಿರುವ ವಾರ್ಷಿಕ ದುರಸ್ತಿಗೆ ಜೂನ್‌ನಲ್ಲಿ ಯಾವ ಹೊಣೆಯೂ ಹುಟ್ಟಿರುವುದಿಲ್ಲ. ಮಾಡುವ ಉದ್ದೇಶ, ಬಜೆಟ್‌ನಲ್ಲಿ ಬರೆದ ಅಂಕಿ, ಇವು ಹೊಣೆಯಾಗಲಾರವು. ಹಾಗಾಗಿ ಅದನ್ನು ನಾಲ್ಕು ಪಾಲು ಮಾಡಿ ಹಂಚುವುದಿಲ್ಲ.

ಸವಕಳಿಯಲ್ಲಿ ಆ ಅವಧಿಯಲ್ಲಿ ನಮ್ಮ ಬಳಿ ಇದ್ದ ಯಂತ್ರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಮುಂದೆ ಕೊಳ್ಳಲಿರುವ ಯಂತ್ರ ಅಲ್ಲಿ ಬರುವುದಿಲ್ಲ. ತೆರಿಗೆಗೆ ಮಾತ್ರ ಇಡೀ ವರ್ಷವನ್ನು ಮುಂದೆ ನೋಡಬೇಕಾಗುತ್ತದೆ, ಏಕೆಂದರೆ ಆದಾಯ ತೆರಿಗೆಯ ಲೆಕ್ಕವೇ ವರ್ಷಕ್ಕೊಮ್ಮೆ ಆಗುವಂಥದ್ದು. ವರ್ಷಕ್ಕೆ 4 ಕೋಟಿ ಲಾಭ, 1 ಕೋಟಿ ತೆರಿಗೆ ಎಂದು ಅಂದಾಜಿದ್ದರೆ ಸರಾಸರಿ ದರ 25 ಶೇಕಡಾ; ಮೊದಲ ತ್ರೈಮಾಸಿಕದಲ್ಲಿ 1 ಕೋಟಿ ನಷ್ಟವಾದರೆ ಅದೇ ದರದಲ್ಲಿ 25 ಲಕ್ಷದ ತೆರಿಗೆ ಉಳಿತಾಯವನ್ನು ತೋರಿಸುತ್ತೇವೆ. ವರ್ಷದ ಅಂದಾಜು ಬದಲಾದರೆ ಮುಂದಿನ ತ್ರೈಮಾಸಿಕದಲ್ಲಿ ದರವೂ ಬದಲಾಗುತ್ತದೆ.

ಮಾರಾಟದ ಗಡಿಯ ಬಗ್ಗೆ ಒಂದು ಮಾತು. ಜೂನ್ 30ರ ಸಂಜೆ ಮಹಾರಾಷ್ಟ್ರದ ಇಚಲಕರಂಜಿಗೆ ಹೊರಟ ಲಾರಿಯ ಬಿಲ್ಲು ಅಂದೇ ಆಗಿರುತ್ತದೆ. ಆದರೆ ಒಪ್ಪಂದದಂತೆ ಗಿರಾಕಿಯ ಗೋದಾಮು ತಲುಪುವವರೆಗೆ ಮಾಲು ನಮ್ಮದೇ ಆಗಿದ್ದರೆ, ಅದು ಜುಲೈನ ಮಾರಾಟ, ಜೂನ್‌ನ ದಾಸ್ತಾನು. ಕೊನೆಯ ಕೆಲವು ದಿನಗಳ ಲಾರಿ ರಸೀದಿಗಳನ್ನು ಒಂದೊಂದಾಗಿ ತಲುಪಿದ ದಿನಾಂಕದೊಂದಿಗೆ ಹೋಲಿಸಿ ನೋಡುತ್ತೇವೆ.

ಈಗ ಇದಕ್ಕೆಲ್ಲ ಇನ್ನೊಂದು ಕಡೆಯಿಂದಲೂ ಬಿಗಿ ಬಂದಿದೆ. ದುಡಿಮೆ ಬಂಡವಾಳದ ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ತ್ರೈಮಾಸಿಕ ದಾಸ್ತಾನು ಪಟ್ಟಿ ಲೆಕ್ಕಪುಸ್ತಕಗಳಿಗೆ ಹೊಂದುತ್ತದೆಯೇ, ಇಲ್ಲವಾದರೆ ಏಕೆ ಎಂಬುದನ್ನು 2021ರ ಏಪ್ರಿಲ್ 1ರಿಂದ ವಾರ್ಷಿಕ ಲೆಕ್ಕದಲ್ಲಿ ತಿಳಿಸಬೇಕು. ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ ಮಾಡಿದ ತಿದ್ದುಪಡಿ ಅದು. ಬ್ಯಾಂಕಿನ ಪಟ್ಟಿ ಬೇಗ ಹೋಗುತ್ತದೆ, ನಿವ್ವಳ ವಸೂಲಿ ಮೌಲ್ಯದ ಪರಿಶೀಲನೆಯೂ ಹಂಚಿಕೆಯಾಗದ ಸ್ಥಿರ ವೆಚ್ಚದ ಲೆಕ್ಕವೂ ಆಮೇಲೆ ಮುಗಿಯುತ್ತವೆ. ಆದ್ದರಿಂದ ಎರಡೂ ಪಟ್ಟಿಗಳ ನಡುವಿನ ವ್ಯತ್ಯಾಸವನ್ನು ಲಾಟ್‌ವಾರು ಬರೆದ ಒಂದು ಹಾಳೆಯನ್ನು ಅದೇ ತ್ರೈಮಾಸಿಕದಲ್ಲಿ ಸಿದ್ಧಪಡಿಸಿ, ತ್ರೈಮಾಸಿಕ ಲೆಕ್ಕದ ಸೀಮಿತ ಪರಿಶೀಲನೆಗೆ (ಪೂರ್ಣ ಆಡಿಟ್‌ಗಿಂತ ಕಿರಿದಾದದ್ದು) ಬರುವ ಆಡಿಟರ ಕೈಗೆ ಅವರು ಕೇಳುವ ಮೊದಲೇ ಕೊಡುತ್ತೇವೆ, ಪರಿಷ್ಕೃತ ಪಟ್ಟಿಯನ್ನು ಬ್ಯಾಂಕಿಗೂ ಕಳುಹಿಸುತ್ತೇವೆ.