ದುಬಾರಿ ಬ್ಯಾಗ್ ಕೊಂಡರೆ ಬೀರುವಿನಲ್ಲಿ ಬಚ್ಚಿಡಬೇಡಿ

ಮುಂಬಯಿಯ ಹವೆಯಲ್ಲಿ ದಿನವೂ ಹೆಗಲೇರುವ ಬ್ಯಾಗ್‌ಗಿಂತ ಬೀರುವಿನಲ್ಲಿ ಬಚ್ಚಿಟ್ಟ ಬ್ಯಾಗೇ ಬೇಗ ಹಾಳಾಗುತ್ತದೆ. ಸಮುದ್ರದ ತೇವ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗಾಳಿಯಾಡದ ಬೀರು ಮೂರೂ ಸೇರಿದರೆ ಚರ್ಮಕ್ಕೆ ಬೂಷ್ಟು ಹಿಡಿಯಲು ಹೆಚ್ಚು ಕಾಲ ಬೇಕಿಲ್ಲ. ಒಳಗಿನ ಅಸ್ತರಿಗೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನ ಲೇಪನವಿದ್ದರೆ ತೇವಕ್ಕೆ ಅದು ಅಂಟಂಟಾಗಿ, ಕೊನೆಗೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಡೊಂಬಿವಲಿ, ಠಾಣೆ, ಮೀರಾ ರೋಡ್‌ಗಳಿಂದ ಲೋಕಲ್ ರೈಲು ಹಿಡಿದು ದುಡಿಯಲು ಹೋಗುವ ನಮ್ಮ ಹೆಣ್ಣುಮಕ್ಕಳು ಕೂಡಿಟ್ಟ ದುಡ್ಡಿನಲ್ಲಿ ಇಂಥದ್ದೊಂದನ್ನು ಕೊಂಡು, ಮದುವೆ ಮುಂಜಿಗೆ ಇರಲಿ ಎಂದು ಎತ್ತಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೊಳ್ಳುವುದಾದರೆ ದಿನಬಳಕೆಗೇ ಕೊಳ್ಳಿ, ಅದಕ್ಕೆ ತಕ್ಕಂತೆಯೇ ಆರಿಸಿ.

ಮೊದಲು ಲೆಕ್ಕ

ಬ್ಯಾಗ್‌ನ ಬೆಲೆ 1,50,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ದಿನದಂತೆ ಮೂರು ವರ್ಷ ಕಚೇರಿಗೆ ಒಯ್ದರೆ ದಿನಕ್ಕೆ 200 ರೂಪಾಯಿ ಬೀಳುತ್ತದೆ. ಅದನ್ನೇ ವರ್ಷಕ್ಕೆರಡು ಮದುವೆಗಷ್ಟೇ ತೆಗೆದರೆ ಒಂದೊಂದು ಸಲಕ್ಕೆ 25,000 ರೂಪಾಯಿ! ಈ ಲೆಕ್ಕ ಹಾಕಿದ ಮೇಲೂ ಮನಸ್ಸು ಒಪ್ಪಿದರೆ ಮುಂದುವರಿಯಿರಿ. ಆದರೆ ಬಡ್ಡಿ ತೆತ್ತು ಕಂತಿನಲ್ಲಿ ಕೊಳ್ಳಬೇಡಿ.

ಹೆಸರಿಗಿಂತ ಮೊದಲು ಚರ್ಮ ನೋಡಿ

ಕುರಿಮರಿಯ ಚರ್ಮ ಬೆಣ್ಣೆಯಂತಿರುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ. ಲೇಡೀಸ್ ಡಬ್ಬಿಯ ನೂಕುನುಗ್ಗಲಿಗೆ ಅದು ಬೇಡವೇ ಬೇಡ. ಪ್ರಾದಾ ಕಂಪನಿಯಿಂದ ಹೆಸರಾದ ಸಫಿಯಾನೊ ಚರ್ಮದ ಮೈಮೇಲೆ ಅಡ್ಡಗೆರೆಗಳ ಅಚ್ಚು ಒತ್ತಿರುತ್ತಾರೆ. ಅದು ಗೀರಿಗೂ ನೀರಿಗೂ ಬೇಗ ಜಗ್ಗುವುದಿಲ್ಲ, ಒರೆಸಿದರೆ ಸಾಕು. ದಿನಬಳಕೆಗೆ ನನ್ನ ಮೊದಲ ಆಯ್ಕೆ ಅದೇ. ಮಳೆಗಾಲಕ್ಕೆ ನೈಲಾನ್ ಇನ್ನೂ ವಾಸಿ. ಪ್ರಾದಾ 1984ರಲ್ಲೇ ನೈಲಾನ್ ಬೆನ್ನುಚೀಲವನ್ನು ದುಬಾರಿ ಸರಕಾಗಿಸಿತು.

ಲೂಯಿ ವಿಟಾನ್‌ನ ಎಲ್ಲರೂ ಗುರುತಿಸುವ ಕಂದು ಮಾನೊಗ್ರಾಮ್ (ಹೆಸರಿನ ಅಕ್ಷರಗಳ ಅಚ್ಚಿನ) ಚೀಲವನ್ನು ಚರ್ಮವೆಂದೇ ಹಲವರು ತಿಳಿದಿದ್ದಾರೆ. ಅದು ಪ್ಲಾಸ್ಟಿಕ್ ಲೇಪನವಿರುವ ಹತ್ತಿಯ ಕ್ಯಾನ್ವಾಸ್. ಮಳೆಯ ಹನಿ ಅದಕ್ಕೆ ಏನೂ ಮಾಡದು. ಮಾನೊಗ್ರಾಮ್ ಚೀಲಗಳ ಹಿಡಿಕೆಯದೇ ಚಿಂತೆ: ಅದು ಸಾಮಾನ್ಯವಾಗಿ ಲೇಪನವಿಲ್ಲದ, ತಿಳಿ ಬಣ್ಣದ ದನದ ಚರ್ಮ. ಹನಿ ಬಿದ್ದಲ್ಲೆಲ್ಲ ಕಲೆ ಉಳಿಯುತ್ತದೆ, ಕೈಯ ಬೆವರಿಗೆ ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. 2007ರಲ್ಲಿ ಬಂದ ಅದೇ ಕಂಪನಿಯ ನೆವರ್‌ಫುಲ್‌ಗೆ ಬಾಯಿಯಲ್ಲಿ ಜಿಪ್ ಇಲ್ಲ, ನಡುವೆ ಒಂದು ಕೊಕ್ಕೆ ಮಾತ್ರ. ಕಾರಿನಲ್ಲಿ ಓಡಾಡುವವರಿಗೆ ಅದು ಸರಿ. ದಾದರ್ ಸೇತುವೆಯ ಜನಜಂಗುಳಿಯಲ್ಲಿ ಮೊಬೈಲ್ ಇಟ್ಟುಕೊಂಡು ನಡೆಯುವವರಿಗೆ ಜಿಪ್ ಇರಲೇಬೇಕು. ಸರಪಳಿಯ ಪಟ್ಟಿಯೂ ಬೇಡ, ಪಕ್ಕದವರ ದುಪಟ್ಟಾಕ್ಕೆ ಸಿಕ್ಕಿಕೊಳ್ಳುತ್ತದೆ.

ಅಂಗಡಿಯಲ್ಲಿ

ಕೊಲಾಬಾದ ತಾಜ್ ಹೋಟೆಲ್, ಲೋವರ್ ಪರೇಲ್‌ನ ಪಲ್ಲಾಡಿಯಂ ಮಾಲ್, 2023ರಲ್ಲಿ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ (ಬಿಕೆಸಿ) ತೆರೆದ ಜಿಯೊ ವರ್ಲ್ಡ್ ಪ್ಲಾಜಾ, ಹಾರ್ನಿಮನ್ ಸರ್ಕಲ್‌ನ ಎರ್ಮೆಸ್ ಮಳಿಗೆ – ಎಲ್ಲಿಗೆ ಹೋದರೂ ನಿಮ್ಮ ದಿನನಿತ್ಯದ ಸಾಮಾನನ್ನು ಜೊತೆಗೆ ಒಯ್ಯಿರಿ. ಟಿಫಿನ್ ಡಬ್ಬಿ, ನೀರಿನ ಬಾಟಲಿ, ಕೊಡೆ, ಚಾರ್ಜರ್, ಕನ್ನಡಕದ ಪೆಟ್ಟಿಗೆ. ಕೇಳಿಕೊಂಡು ಎಲ್ಲವನ್ನೂ ಒಳಗಿಟ್ಟು ಜಿಪ್ ಎಳೆಯಿರಿ. ಹೆಗಲಿಗೇರಿಸಿ ಹತ್ತು ನಿಮಿಷ ಮಳಿಗೆಯಲ್ಲೇ ಓಡಾಡಿ. ಹಿಡಿಕೆ ಕಂಕುಳಲ್ಲಿ ಸಲೀಸಾಗಿ ಇಳಿಯಬೇಕು, ಭುಜಕ್ಕೆ ಒತ್ತಬಾರದು. ಖಾಲಿ ಚೀಲವೇ ಭಾರವೆನಿಸಿದರೆ ಅಲ್ಲೇ ಬಿಟ್ಟುಬನ್ನಿ. ಸಂಕೋಚ ಬೇಡ, ಲಕ್ಷಗಟ್ಟಲೆ ಕೊಡುವವರು ನೀವು. ಕಚೇರಿಗೂ, ಸಂಜೆ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮಕ್ಕೂ ಒಪ್ಪುವ ಕಪ್ಪು ಅಥವಾ ಗಾಢ ಕಂದು ಬಣ್ಣ ಆರಿಸಿ. ತಿಳಿಬಣ್ಣಕ್ಕೆ ಹೊಸ ಜೀನ್ಸ್‌ನ ನೀಲಿ ಹತ್ತಿದರೆ ಹೋಗುವುದು ಕಷ್ಟ.

ಖರೀದಿ ಎರಡು ಲಕ್ಷ ರೂಪಾಯಿ ಮೀರಿದರೆ ಪ್ಯಾನ್ ಸಂಖ್ಯೆ ಕೊಡಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ. ಹತ್ತು ಲಕ್ಷ ಮೀರಿದ ಕೈಚೀಲಗಳಿಗೆ 2025ರ ಏಪ್ರಿಲ್ 22ರಿಂದ ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ, ಅಂದರೆ ಮಾರುವಾಗಲೇ, ವಸೂಲಿ ಮಾಡುತ್ತಾರೆ, ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಬಿಲ್, ಪೆಟ್ಟಿಗೆ, ಬಟ್ಟೆಯ ಚೀಲ ಮೂರನ್ನೂ ಜೋಪಾನ ಮಾಡಿ.

ಹಳೆಯ ಬ್ಯಾಗ್ ಕೊಳ್ಳುವವರು ಮೂಲ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಕೆಳಗಿನ ನಾಲ್ಕು ಮೂಲೆ, ಹಿಡಿಕೆಯ ಬುಡದ ಹೊಲಿಗೆ, ಅಸ್ತರಿನ ವಾಸನೆ – ಇವನ್ನು ಬೆಳಕಿನಲ್ಲಿ ಕೂತು ಪರೀಕ್ಷಿಸಿ. ಲೂಯಿ ವಿಟಾನ್ 2021ರಿಂದ, ಚೀಲ ತಯಾರಾದ ಕಾಲ ತಿಳಿಸುವ ದಿನಾಂಕ ಸಂಕೇತದ ಬದಲು ಒಳಗೆ ಮೈಕ್ರೊಚಿಪ್ ಇಡುತ್ತಿದೆ. ಇತ್ತೀಚಿನದೆಂದು ಮಾರುವ ಚೀಲದಲ್ಲಿ ಹಳೆಯ ಸಂಕೇತ ಕಂಡರೆ ಅನುಮಾನಿಸಿ. 'ಫಸ್ಟ್ ಕಾಪಿ' ಎಂಬ ನಕಲಿ ಬ್ಯಾಗ್‌ನ ಆಸೆಯಂತೂ ಬೇಡ. ಅಷ್ಟೇ ದುಡ್ಡಿಗೆ ಧಾರಾವಿಯ ಸಯನ್–ಬಾಂದ್ರಾ ಲಿಂಕ್ ರಸ್ತೆಯ ಚರ್ಮದ ಅಂಗಡಿಗಳಲ್ಲಿ ಯಾರ ಹೆಸರನ್ನೂ ಕದಿಯದ ಗಟ್ಟಿ ಬ್ಯಾಗ್ ಸಿಗುತ್ತದೆ, ಅದನ್ನು ಹೆಮ್ಮೆಯಿಂದ ಹಿಡಿಯಬಹುದು.

ದಿನದ ಬಳಕೆ, ಮಳೆಯ ದಿನ

ಲೋಕಲ್‌ನಲ್ಲಿ ಬ್ಯಾಗ್ ಎದೆಯ ಮುಂದೆ ಇರಲಿ. ಟಿಫಿನ್‌ಗೆ ಒಳಗೆ ಬೇರೆ ಚೀಲ ಕಡ್ಡಾಯ. ಸಾರಿನ ಅರಿಸಿನ ಅಸ್ತರಿಗೆ ಇಳಿದರೆ ಮುಗಿಯಿತು. ಸ್ಯಾನಿಟೈಸರ್ ಹಚ್ಚಿದ ಕೈ ಒಣಗಿದ ಮೇಲೆಯೇ ಚರ್ಮ ಮುಟ್ಟಿ, ಅದರ ಆಲ್ಕೊಹಾಲ್ ಬಣ್ಣ ತೆಗೆಯುತ್ತದೆ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಮನೆಗಳ ರೂಢಿ ಇಲ್ಲಿ ಸಲ್ಲದು. ಚರ್ಮ ಕಪ್ಪಾಗುತ್ತದೆ, ದೂಳು ಹಿಡಿಯುತ್ತದೆ.

ನೆನೆದು ಬಂದ ದಿನ ಉಜ್ಜಬೇಡಿ. ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಒಳಗಿನದೆಲ್ಲ ಹೊರಗಿಟ್ಟು, ಬಿಳಿ ಕಾಗದವನ್ನು ಮುದುರಿ ತುಂಬಿ (ವೃತ್ತಪತ್ರಿಕೆ ಬೇಡ, ಮಸಿ ಹತ್ತುತ್ತದೆ), ಬಾಯಿ ತೆರೆದಿಟ್ಟು ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಚರ್ಮವನ್ನು ಬಿರುಕು ಬಿಡಿಸುತ್ತವೆ.

ಬಳಸದ ದಿನಗಳಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡದೆ ಬಟ್ಟೆಯ ಚೀಲದಲ್ಲಿಡಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಆಗಾಗ ಬದಲಿಸಿ. ನುಸಿಗುಳಿಗೆ ಹಾಕಬೇಡಿ, ಚರ್ಮಕ್ಕಿಳಿದ ಆ ವಾಸನೆ ಬಿಡಿಸುವುದು ಬಹಳ ಕಷ್ಟ. ವಾರಕ್ಕೊಮ್ಮೆ ಹೊರತೆಗೆದು ಗಾಳಿಗೆ ಇಡಿ. ಬೂಷ್ಟು ಕಂಡರೆ ಬಾಲ್ಕನಿಗೆ ಒಯ್ದು ಒಣಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ.

ಮೂಲೆ ಸವೆದರೆ, ಅಂಚಿನ ಬಣ್ಣ ಬಿರಿದರೆ ಮೊದಲು ಕೊಂಡ ಮಳಿಗೆಯಲ್ಲೇ ವಿಚಾರಿಸಿ. ಹೊರಗೆ ಕೈಹಾಕಿಸಿದ ಬ್ಯಾಗನ್ನು ಕಂಪನಿಯವರು ಆಮೇಲೆ ಒಪ್ಪದಿರಬಹುದು. ರಿಪೇರಿಗೆ ಕೊಡುವಾಗ ಖರ್ಚೆಷ್ಟು, ವಾಪಸು ಯಾವಾಗ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅವರ ಕೈಗಿಡುವ ಮುನ್ನ ನಾಲ್ಕೂ ಕಡೆಯಿಂದ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.