ವಿಕ್ಟರಿ ಹಡಗಿನ ಹಗ್ಗ ನಾನೇ ಹೊಸೆದೆ

ಹಳೆಯ ಬ್ರಿಟಿಷ್ ಯುದ್ಧನೌಕೆ ವಿಕ್ಟರಿಯ 1:96 ಅಳತೆಯ (ನಿಜ ಹಡಗಿನ 96ರಲ್ಲಿ ಒಂದು ಪಾಲು) ಮಾದರಿಗೆ ಹಗ್ಗವನ್ನು ಪಾಲಿಯೆಸ್ಟರ್ ದಾರದಲ್ಲಿ ನಾನೇ ಹೊಸೆಯುತ್ತೇನೆ ಅಂದಾಗ ಮಾದರಿ ಕಟ್ಟುವ ಜೊತೆಗಾರರು ಯಾರೂ ಒಪ್ಪಲಿಲ್ಲ. ದಾರ ಜಾರುತ್ತೆ, ಕತ್ತರಿಸಿದ ಕೂಡಲೇ ಹುರಿ ಬಿಚ್ಚಿಕೊಳ್ಳುತ್ತೆ ಅಂದರು. ಹಗ್ಗ ಕಟ್ಟಿ ಎರಡು ವರ್ಷ ಆಯಿತು. ಎರಡು ಮಳೆಗಾಲ ಕಳೆದರೂ ಒಂದು ಶ್ರೌಡ್ (ಕೂವೆಮರವನ್ನು ಪಕ್ಕದಿಂದ ಬಿಗಿದು ಹಿಡಿಯುವ ಹಗ್ಗ) ಕೂಡ ಜೋತುಬಿದ್ದಿಲ್ಲ.

ಮೊದಲು ಕೊಂಡ ಹತ್ತಿ ಹಗ್ಗವನ್ನೇ ಕಟ್ಟಿದ್ದೆ. ಕಿಟ್‌ಗೆ ಕೊಟ್ಟ ಹಣದ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅದಕ್ಕೇ ಹೋಯಿತು. ಆಮೇಲೆ ನೋಡಿದರೆ ಅಳತೆಯೇ ತಪ್ಪು! ಆ ಹಡಗಿನ ಕಾಲದ ಹಗ್ಗಗಳ ಪಟ್ಟಿಯಲ್ಲಿ 11 ಇಂಚಿನ ಹಗ್ಗ ಅಂದರೆ ಅದು ಸುತ್ತಳತೆ, ಅಡ್ಡಳತೆ ಅಲ್ಲ. 3.14ರಿಂದ ಭಾಗಿಸಲು ಮರೆತಿದ್ದೆ. 0.9 ಮಿ.ಮೀ. ಇರಬೇಕಾದ ಕಡೆ ಸುಮಾರು 3 ಮಿ.ಮೀ. ಹಗ್ಗ ಕೂತಿತ್ತು. ಎಲ್ಲ ಬಿಚ್ಚಿದೆ. ಆ ಹಣ ಹೋಗಿದ್ದು ಈಗಲೂ ಹೊಟ್ಟೆ ಉರಿಸುತ್ತದೆ.

ನನ್ನ ಹುರಿ ಯಂತ್ರ ಮೂರು ಕೊಕ್ಕೆಯದು, ಕೊಕ್ಕೆಗೊಂದು ಎಳೆ, ಕೈಯಲ್ಲೇ ತಿರುಗಿಸುವುದು. ಡ್ರಿಲ್ ಹಾಕಿ ನೋಡಿದೆ, ಹುರಿ ಜಾಸ್ತಿಯಾಗಿ ದಾರ ಸುರುಳಿ ಸುತ್ತಿಕೊಂಡಿತು. ಇನ್ನೊಂದು ತುದಿಯನ್ನು ಮೇಜಿಗೆ ಬಿಗಿದಾಗ ಮೂರು ಸಲ ದಾರ ಪಟ್ಟಂತ ಕಡಿಯಿತು. ಹುರಿ ಏರಿದಂತೆ ಉದ್ದ ಕಡಿಮೆಯಾಗುತ್ತೆ ಅಲ್ವಾ, ಆ ತುದಿ ಮುಂದಕ್ಕೆ ಬರಲೇಬೇಕು. ಈಗ ಅದು ಚಕ್ರದ ಮೇಲಿದೆ, ಹಿಂದೆ ತೂಕ ಕಟ್ಟಿದ್ದೇನೆ. ನಾಲ್ಕು ಮೀಟರ್ ದಾರಕ್ಕೆ ಹೆಚ್ಚುಕಡಿಮೆ ಮೂರು ಮೀಟರ್ ಹಗ್ಗ ಸಿಗುತ್ತದೆ. ದೊಡ್ಡ ಶ್ರೌಡ್‌ಗೆ ಎಳೆಗೆ ಐದರಂತೆ 15 ಸಣ್ಣ ದಾರ.

ಹಗ್ಗವನ್ನು ನೆಟ್ಟಗೆ ಹಿಡಿದು ನೋಡಿದರೆ ಎಳೆಗಳು ಕೆಳಗಿಂದ ಬಲಕ್ಕೆ ಏರಬೇಕು. ದಪ್ಪ ಹಗ್ಗದಲ್ಲಿ ಇದು ತಾನಾಗಿಯೇ ಬರುತ್ತದೆ. ತೆಳು ಹಗ್ಗಕ್ಕೆ ಎಳೆಗೆ ಒಂದೇ ದಾರ ಹಾಕಿದೆ, ದಾರದ ಸ್ವಂತ ಹುರಿಯೇ ಬಿಚ್ಚಿ ನಾರು ಎದ್ದಿತು. ಇನ್ನೂ ಸಣ್ಣ ದಾರ ತಂದು ಎರಡೆರಡು ಹಾಕಿದ ಮೇಲೆ ಸರಿಹೋಯಿತು.

ಬಿಚ್ಚಿಕೊಳ್ಳದ ಹಾಗೆ ಮಾಡುವುದು ಬಿಸಿ. ಹೊಸೆದ ಹಗ್ಗವನ್ನು ತೂಕ ಕಟ್ಟಿ ನೇತುಹಾಕಿ ಬಿಸಿಗಾಳಿ ಹಿಡಿಯುತ್ತೇನೆ. ಪಾಲಿಯೆಸ್ಟರ್ ಆ ಹುರಿಯಲ್ಲೇ ಕೂತುಬಿಡುತ್ತದೆ. ಕತ್ತರಿಸಿದರೂ ತುದಿ ಅರಳುವುದಿಲ್ಲ. ಎಷ್ಟು ತೂಕ, ಎಷ್ಟು ಹೊತ್ತು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಲವತ್ತು ಹಗ್ಗ ಹಾಳುಮಾಡಿ ಕಲಿತದ್ದು ಅದು.

ನಡುವೆ ಸುಮ್ನೆ ಒಂದು ವಾರ ಹತ್ತಿ ದಾರಕ್ಕೆ ಚಹಾ ಬಣ್ಣ ಹಾಕಿ ನೋಡಿದೆ. ಬಣ್ಣ ಚೆಂದ, ಆದರೆ ಮಚ್ಚೆ ಮಚ್ಚೆ. ಬಿಟ್ಟೆ.

ಖರ್ಚು? ಮೊದಲು ಕೊಂಡ ಹಗ್ಗದ ಬೆಲೆಯಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಈಗ ಲಂಗರಿನ ಹಗ್ಗ ಬಾಕಿ. ಬಲಕ್ಕೆ ಹೊಸೆದ ಮೂರು ಹಗ್ಗಗಳನ್ನು ಸೇರಿಸಿ ಎಡಕ್ಕೆ ಹೊಸೆಯಬೇಕು, ಒಟ್ಟು ಒಂಬತ್ತು ಎಳೆ. ನಿನ್ನೆ ರಾತ್ರಿ ಮೊದಲ ಗೇಣು ಬಂತು. ಒಂಬತ್ತೂ ಎಳೆ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತಿವೆ.